ಮಾಸ್ಟ್ರ ಗೆರೆಯಂತ್ರ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಜನರಿಗೆ ಯಂತ್ರವೆಂದರೆ ಹೆದರಿಕೆ ಇಲ್ಲ, ಸಲಿಗೆ ಉಂಟು. ಅಡಿಕೆ ಸುಲಿಯಲು ಒಂದು, ಮದ್ದು ಬಿಡಲು ಒಂದು, ಹುಲ್ಲು ಹೆರೆಯಲು ಒಂದು, ಹಾಳೆಯನ್ನು ತಟ್ಟೆಯಾಗಿ ಒತ್ತಲು ಇನ್ನೊಂದು. ಪಕ್ಕದ ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಸೀಟು, ಎಂಜಿನು, ಚಕ್ರ ಎಲ್ಲ ಜೋಡಿಸಿ ಅಡಿಕೆ ಮರದ ತುದಿಗೆ ಕೂತೇ ಹೋಗುವ ಬೈಕು ಮಾಡಿ 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾದರು. 2023ರಲ್ಲಿ ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಕೃಷಿ ಯಂತ್ರ ಮೇಳ ನಡೆದಾಗ ಜನ ಅಲ್ಲಿಗೆ ಹೋದದ್ದು ಬಾಯಿ ಬಿಟ್ಟು ನೋಡುವುದಕ್ಕಲ್ಲ; ಬೋಲ್ಟು ಅಲ್ಲಾಡಿಸಿ, ಬೆಲ್ಟು ಎಳೆದು, “ಇದು ಎರಡು ಮಳೆಗಾಲ ಬಾಳಲಿಕ್ಕಿಲ್ಲ” ಎಂದು ತೀರ್ಪು ಕೊಡುವುದಕ್ಕೆ.

ಇಂಥ ಸೀಮೆಯಲ್ಲಿ ಯಾವ ಉಪಯೋಗಕ್ಕೂ ಬಾರದ ಯಂತ್ರವೊಂದನ್ನು ಕಟ್ಟಬೇಕಾದರೆ ಗುಂಡಿಗೆ ಗಟ್ಟಿ ಇರಬೇಕು. ಬೆಳ್ಳಾರೆಯಿಂದ ಪಂಜದ ಕಡೆಗೆ ಹೋಗುವ ದಾರಿಯಲ್ಲಿ, ಟಾರು ಮುಗಿದು ಜಲ್ಲಿ ಶುರುವಾಗುವಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ಲೆಕ್ಕದ ಮಾಸ್ಟ್ರಿಗೆ ಆ ಗಟ್ಟಿತನ ಪಿಂಚಣಿಯ ಜತೆಗೇ ಮಂಜೂರಾಯಿತು.

ಯಂತ್ರದ ಸುದ್ದಿ ಕೇಳಿ ಮೊದಲು ಬಂದವರು ಆಚೆ ತೋಟದವರು. ಜಗಲಿಯ ಗೋಡೆಗೆ ಒಂದು ಹಲಗೆ. ಅದರ ಮೇಲಿನ ಎರಡು ಮೂಲೆಗಳಲ್ಲಿ ಎರಡು ಪುಟಾಣಿ ಮೋಟರು. ಎರಡರಿಂದಲೂ ಇಳಿಬಿದ್ದ ನೂಲು. ನೂಲುಗಳು ಸೇರುವಲ್ಲಿ ತೂಗುವ ಒಂದು ಪೆನ್ನು. ಕೆಳಗೆ ಒಂದು ಡಬ್ಬಿ, ಅದರ ಮುಖದ ಮೇಲೆ ಮೂರು ತಿರುಗಣೆ. ಬಂದವರು ಹಲಗೆಯ ಹಿಂದೆ ಇಣುಕಿದರು, ಕೆಳಗೆ ಬಗ್ಗಿದರು, ಕೊನೆಗೆ ಕೇಳಿದರು:

“ಇದು ಎಂತ ಮಾಡ್ತದೆ ಮಾಸ್ಟ್ರೆ?”

“ಚಿತ್ರ ಬಿಡಿಸ್ತದೆ.”

“ಅದು ಕಾಣ್ತದೆ. ಮತ್ತೆ ಎಂತ ಮಾಡ್ತದೆ?”

“ಮತ್ತೆ ಇನ್ನೊಂದು ಚಿತ್ರ ಬಿಡಿಸ್ತದೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಡಿಯಲಿಕ್ಕೆ ನೀರು ಕೇಳಿ, ಮಾಸ್ಟ್ರ ಹೆಂಡತಿಯ ಹತ್ತಿರ ತಗ್ಗಿದ ದನಿಯಲ್ಲಿ ಏನೋ ವಿಚಾರಿಸಿ ಹೋದರು. ಮಾಸ್ಟ್ರ ಆರೋಗ್ಯದ ಬಗ್ಗೆಯೇ ಇರಬೇಕು.

ಎಲ್ಲ ಶುರುವಾದದ್ದು ಪುತ್ತೂರು ಜಾತ್ರೆಯಿಂದ. ಮಹಾಲಿಂಗೇಶ್ವರ ದೇವರಿಗೆ ಏಪ್ರಿಲ್ 10ಕ್ಕೆ ಕೊಡಿ ಏರಿದರೆ 17ಕ್ಕೆ ಬ್ರಹ್ಮರಥ. ಆ ದಿನಗಳಲ್ಲಿ ದೇವರಮಾರು ಗದ್ದೆಯ ಸಂತೆಯಲ್ಲಿ ಬಳೆ, ಬಲೂನು, ಕಬ್ಬಿನ ಹಾಲುಗಳ ನಡುವೆ ಒಂದು ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ. ನೋಡಲಿಕ್ಕೆ ಅಡಿಕೋಲು; ನಡುವೆ ದೊಡ್ಡ ದುಂಡು ತೂತು, ತೂತಿನ ಒಳಬದಿಗೆ ಹಲ್ಲು. ಜತೆಗೆ ಕೊಡುವ ಹಲ್ಲಿನ ಬಿಲ್ಲೆಯನ್ನು ತೂತಿನೊಳಗಿಟ್ಟು, ಬಿಲ್ಲೆಯ ಪುಟ್ಟ ಕಂಡಿಯಲ್ಲಿ ಬಾಲ್‌ಪೆನ್ನಿನ ಮೊನೆ ಸಿಕ್ಕಿಸಿ ತಿರುಗಿಸಿದರೆ ಕಾಗದದ ಮೇಲೆ ಹೂವು ಅರಳುತ್ತದೆ. ಮಾರುವವನು ಮಾಡಿ ತೋರಿಸುವಾಗ ಅರಳುತ್ತದೆ. ಮನೆಗೆ ತಂದು ಮಗು ಮಾಡುವಾಗ ಏಳನೆಯ ಎಸಳಿನಲ್ಲಿ ಹಲ್ಲು ಜಾರುತ್ತದೆ.

ಆ ಪಟ್ಟಿಯ ಮೂಲಪುರುಷ ಸ್ಪೈರೋಗ್ರಾಫ್. ಡೆನಿಸ್ ಫಿಶರ್ ಎಂಬ ಇಂಗ್ಲೆಂಡಿನ ಎಂಜಿನಿಯರು ಅದನ್ನು 1965ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ ಲೋಕಕ್ಕೆ ತೋರಿಸಿದ. ಜಾತಕ ಇನ್ನೂ ಹಳೆಯದು: ಇಟಲಿಯ ಜಂಬತ್ತಿಸ್ತ ಸುವಾರ್ಡಿ 1752ರಲ್ಲೇ ಹಲ್ಲಿನ ಚಕ್ರಗಳಿಂದ ವಕ್ರರೇಖೆ ಬಿಡಿಸುವ ‘ಜ್ಯಾಮಿತಿ ಲೇಖನಿ’ಯನ್ನು ವರ್ಣಿಸಿದ್ದ. ನೋಟಿನ ಮೇಲಿನ ಸಣ್ಣ ಸಣ್ಣ ಸುಳಿಗೆರೆಗಳಿವೆಯಲ್ಲ, ಅವೂ ಇದೇ ವಂಶದ ಯಂತ್ರಗಳಿಂದ ಹುಟ್ಟಿದವು. ಜಾತ್ರೆಯ ಪ್ಲಾಸ್ಟಿಕ್ ಪಟ್ಟಿಗೂ ರಿಸರ್ವ್ ಬ್ಯಾಂಕಿಗೂ ದೂರದ ನೆಂಟಸ್ತಿಕೆ ಉಂಟು ಎಂದಾಯಿತು. ಒಂದು ದುಡ್ಡನ್ನು ಖರ್ಚು ಮಾಡಿಸುತ್ತದೆ, ಇನ್ನೊಂದು ಅಚ್ಚು ಹಾಕುತ್ತದೆ.

ಮೊಮ್ಮಗ ಅಳುತ್ತಾ ತಂದುಕೊಟ್ಟ ಪಟ್ಟಿಯನ್ನು ಮಾಸ್ಟ್ರು ಕೈಗೆ ತೆಗೆದುಕೊಂಡದ್ದು ಸಮಾಧಾನ ಮಾಡಲಿಕ್ಕೆ. ಆದರೆ ಹಲ್ಲು ಎಣಿಸಲಿಕ್ಕೆ ಕೂತವರು ಕನ್ನಡಕ ಹಾಕಿಕೊಂಡರು, ಕನ್ನಡಕ ಹಾಕಿಕೊಂಡವರು ಕಾಗದ ತರಿಸಿದರು, ಅಲ್ಲಿಗೆ ಮೊಮ್ಮಗನ ಆಟಿಕೆ ಮೊಮ್ಮಗನ ಕೈ ತಪ್ಪಿತು.

ಲೆಕ್ಕ ಇಷ್ಟೇ. ಹೊರಗಿನ ಬಳೆಗೆ 96 ಹಲ್ಲು, ಒಳಗಿನ ಚಕ್ರಕ್ಕೆ 36 ಹಲ್ಲು ಎಂದಿಟ್ಟುಕೊಳ್ಳಿ. ಪೆನ್ನು ಹೊರಟ ಜಾಗಕ್ಕೇ ಬಂದು ಸೇರಬೇಕಾದರೆ ಎರಡಕ್ಕೂ ಒಪ್ಪಿಗೆಯಾಗುವ ಹಲ್ಲುಗಳಷ್ಟು ದೂರ ಉರುಳಬೇಕು. ಅಂದರೆ 96 ಮತ್ತು 36ರ ಲಘುತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.), 288. ಅದನ್ನು 96ರಿಂದ ಭಾಗಿಸಿದರೆ 3: ಚಕ್ರ ಬಳೆಯೊಳಗೆ ಮೂರು ಸುತ್ತು ಬರಬೇಕು. 36ರಿಂದ ಭಾಗಿಸಿದರೆ 8: ಹೂವಿಗೆ ಎಂಟು ಎಸಳು. ಬಳೆಗೆ 105, ಚಕ್ರಕ್ಕೆ 30 ಇದ್ದರೆ ಲ.ಸಾ.ಅ. 210, ಎರಡೇ ಸುತ್ತಿನಲ್ಲಿ ಏಳು ಎಸಳು. ಅದೇ 105ಕ್ಕೆ 52 ಹಲ್ಲಿನ ಚಕ್ರ ಹಾಕಿದಿರೋ, ಕತೆ ಮುಗಿಯಿತು. ಎರಡಕ್ಕೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ. 52 ಸುತ್ತು ಹೋಗಿ 105 ಎಸಳು ಬಿಡಿಸಿದ ಮೇಲೆಯೇ ಅದು ಮನೆ ಸೇರುವುದು. ಅಷ್ಟರಲ್ಲಿ ಕಾಗದ ನಡುವೆ ಹರಿದಿರುತ್ತದೆ, ಮಗು ನಿದ್ದೆ ಹೋಗಿರುತ್ತದೆ.

ಇನ್ನೊಂದು ಚೋದ್ಯ ಉಂಟು. ಒಳಗಿನ ಚಕ್ರ ಹೊರಗಿನದರ ಸರಿಯಾಗಿ ಅರ್ಧ ಇದ್ದರೆ, ಉದಾಹರಣೆಗೆ 96ಕ್ಕೆ 48, ಅಂಚಿನ ಮೇಲಿನ ಬಿಂದು ಹೂವನ್ನೂ ಬಿಡಿಸುವುದಿಲ್ಲ, ಸುಳಿಯನ್ನೂ ಬಿಡಿಸುವುದಿಲ್ಲ. ನೇರ ಗೆರೆ ಎಳೆಯುತ್ತದೆ. ಉರುಳುವ ಎರಡು ದುಂಡುಗಳಿಂದ ಒಂದು ನೇರ ಗೆರೆ! ಹದಿಮೂರನೆಯ ಶತಮಾನದ ಪರ್ಷಿಯಾದ ಖಗೋಳಜ್ಞ ನಸೀರುದ್ದೀನ್ ತೂಸಿ ಇದನ್ನು ಕಂಡುಕೊಂಡು ಗ್ರಹಗಳ ಚಲನೆಯ ಲೆಕ್ಕಕ್ಕೆ ಬಳಸಿದ. ಪೆನ್ನನ್ನು ಅಂಚಿನಿಂದ ಸ್ವಲ್ಪ ಒಳಗಿನ ಕಂಡಿಗೆ ಹಾಕಿದರೆ ಗೆರೆ ಉಬ್ಬಿ ದೀರ್ಘವೃತ್ತವಾಗುತ್ತದೆ.

ಮಾಸ್ಟ್ರ ಮನಸ್ಸಿಗೆ ಇದು ನಾಟಿತು, ಸ್ವಲ್ಪ ನೋಯಿಸಿತು ಕೂಡ. ಅವರು ಸೇವೆಯುದ್ದಕ್ಕೂ ಹಲಗೆಯ ಮೇಲೆ ಲ.ಸಾ.ಅ. ಬಿಡಿಸಿದವರು. ಪ್ರತಿ ತರಗತಿಯಲ್ಲೂ ಹಿಂದಿನ ಬೆಂಚಿನಿಂದ ಒಬ್ಬ ಎದ್ದು “ಇದು ಎಂತಕ್ಕೆ ಸರ್?” ಎಂದು ಕೇಳುತ್ತಿದ್ದ. ಅವರು ಪ್ರತಿ ವರ್ಷವೂ ಒಂದೇ ಉತ್ತರ ಕೊಡುತ್ತಿದ್ದರು: “ಪರೀಕ್ಷೆಗೆ.” ಈಗ ಸರಿಯಾದ ಉತ್ತರ ಸಿಕ್ಕಿದೆ, ಕೇಳುವ ಹುಡುಗರು ಮುಂಬಯಿಯಲ್ಲಿ, ದುಬಾಯಿಯಲ್ಲಿ ಇದ್ದಾರೆ.

ಹಾಗಾಗಿ ಯಂತ್ರ. ಹಲ್ಲು ಜಾರದ ಯಂತ್ರ. ಹಲ್ಲುಗಳ ಸಂಖ್ಯೆಯನ್ನು ಯಾರು ಬೇಕಾದರೂ ತಿರುಗಣೆಯಿಂದ ಬದಲಾಯಿಸಬಹುದಾದ ಯಂತ್ರ. ಬಂದವರು ತಿರುವಬೇಕು, ಯಂತ್ರ ಬಿಡಿಸಬೇಕು, ‘ಓ’ ಎನ್ನಬೇಕು, ಆಗ ಮಾಸ್ಟ್ರು ಲ.ಸಾ.ಅ. ವಿವರಿಸಬೇಕು. ಯೋಜನೆಯಲ್ಲಿ ಕೊನೆಯ ಭಾಗದ ಮೇಲೆಯೇ ಅವರಿಗೆ ಆಸೆ ಹೆಚ್ಚು.

ನೆಲದ ಮೇಲೆ ಓಡಾಡುವ ಆಮೆಯಂತ್ರ ಮಾಡುವುದೆಂದು ಮೊದಲು ಹೊರಟರು. ಅಮೆರಿಕದಲ್ಲಿ 1967ರಲ್ಲಿ ಸಿಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್‌ಜೈಗ್ ಸೇರಿ ಮಕ್ಕಳಿಗಾಗಿ ಲೋಗೊ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಆ ಭಾಷೆಗೆ ಓಗೊಡುವ ಆಮೆ ಬಂತು. ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂದರೆ ಹೊಟ್ಟೆಯಡಿಯ ಪೆನ್ನಿನಿಂದ ಗೆರೆ ಎಳೆಯುತ್ತಾ ಹೋಗುವ ಆಮೆ. ಮಾಸ್ಟ್ರಿಗೆ ಹಿಡಿಸಿತು. ಆದರೆ ಆಮೆ ಓಡಾಡಲಿಕ್ಕೆ ಅಂಗಳ ಬೇಕು, ಅಂಗಳದ ಯಜಮಾನಿಕೆ ಇರುವುದು ಅಡಿಕೆಯ ಕೈಯಲ್ಲಿ. ಕೊಯ್ಲು ಶುರುವಾದರೆ ಚಾಲಿಗೆ ಹಾಕಿದ ಅಡಿಕೆ ನಲವತ್ತು ನಲವತ್ತೈದು ದಿನ ಬಿಸಿಲು ಕಾಯುತ್ತದೆ. ಒಂದು ಕೊಯ್ಲು ಎದ್ದರೆ ಇನ್ನೊಂದು ಹರಡುತ್ತದೆ. ಪತ್ತನಾಜೆ ಕಳೆದು ಮಳೆ ಹಿಡಿದರೆ ಅಂಗಳಕ್ಕೆ ಪಾಚಿ, ಪಾಚಿಯ ಮೇಲೆ ಜಾರದಿರಲಿ ಎಂದು ಅಡಿಕೆ ಸೋಗೆ. ಸೋಗೆಯ ಮೇಲೆ ಮನುಷ್ಯರು ನಡೆಯುವುದೇ ಒಂದು ಕಸರತ್ತು, ಆಮೆಗೆ ಎಲ್ಲಿಂದ ಆಗಬೇಕು. ನಡುವೆ ಅಂಗಳ ಖಾಲಿ ಇರುವ ನಾಲ್ಕು ದಿನಗಳಲ್ಲಿ ಮನೆಯಲ್ಲಿ ಪೂಜೆ ಇರುತ್ತದೆ.

ಎರಡನೆಯ ಯೋಚನೆ ಲೋಲಕಗಳದು. ಸ್ಕಾಟ್ಲೆಂಡಿನ ಗಣಿತಜ್ಞ ಹ್ಯೂ ಬ್ಲ್ಯಾಕ್‌ಬರ್ನನ ಹೆಸರಿಗೆ 1844ರಿಂದ ಅಂಟಿಕೊಂಡಿರುವ ಹಾರ್ಮೊನೊಗ್ರಾಫಿನಲ್ಲಿ ಮೋಟರೂ ಬೇಡ, ಕರೆಂಟೂ ಬೇಡ. ಒಂದು ಲೋಲಕ 90 ಸೆಂ.ಮೀ., ಇನ್ನೊಂದು 40 ಸೆಂ.ಮೀ. ಉದ್ದ ಇಟ್ಟರೆ ಒಂದು ಎರಡು ಸಲ ತೂಗುವಾಗ ಇನ್ನೊಂದು ಮೂರು ಸಲ ತೂಗುತ್ತದೆ, ಷಡ್ಜ ಪಂಚಮಗಳ ಅನುಪಾತದಲ್ಲಿ ಪೆನ್ನು ಬಳ್ಳಿ ಬಿಡಿಸುತ್ತದೆ. ಹಳೆಯ ತಕ್ಕಡಿಯ ತೂಕದ ಕಲ್ಲುಗಳನ್ನು ಕಟ್ಟಿ ಅದನ್ನೂ ಮಾಡಿದರು. ಚೆನ್ನಾಗಿಯೇ ಬಂತು. ಆದರೆ ಅದನ್ನು ಒಮ್ಮೆ ದೂಡಿದ ಮೇಲೆ ನೋಡುತ್ತಾ ನಿಲ್ಲುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ನೋಡುತ್ತಾ ನಿಲ್ಲುವುದು ಈ ಸೀಮೆಯವರಿಗೆ ಒಗ್ಗುವುದಿಲ್ಲ.

ಕೊನೆಗೆ ಒದಗಿದ್ದು ಗೋಡೆ. ಸ್ವಿಟ್ಜರ್ಲೆಂಡಿನ ಯೂರ್ಗ್ ಲೇನಿ 2002ರಲ್ಲಿ ಉಲಿ ಫ್ರಾಂಕೆ ಜತೆ ಸೇರಿ ಹೆಕ್ಟರ್ ಎಂಬ ಯಂತ್ರ ಮಾಡಿದ: ಎರಡು ಮೋಟರು, ಎರಡು ಪಟ್ಟಿ, ನಡುವೆ ನೇತಾಡುವ ಬಣ್ಣದ ಸ್ಪ್ರೇ ಡಬ್ಬಿ. ಅದೇ ತತ್ತ್ವ. ಅಡಿಕೆ ಗೋಡೆಯ ಮೇಲೆ ಒಣಗುವುದಿಲ್ಲವಾದ್ದರಿಂದ ಮನೆಯೊಳಗೆ ಆಕ್ಷೇಪವೂ ಬರಲಿಲ್ಲ. ಪೆನ್ನು ಎಲ್ಲಿರಬೇಕೆಂಬುದನ್ನು ಎರಡು ನೂಲುಗಳ ಉದ್ದ ನಿರ್ಧರಿಸುತ್ತದೆ. ಮೋಟರುಗಳ ನಡುವೆ 100 ಸೆಂ.ಮೀ. ಅಂತರ; ಪೆನ್ನು ಎಡ ಮೂಲೆಯಿಂದ 30 ಸೆಂ.ಮೀ. ಬಲಕ್ಕೆ, 40 ಸೆಂ.ಮೀ. ಕೆಳಕ್ಕೆ ಇರಬೇಕೆಂದರೆ ಎಡದ ನೂಲು 50 ಸೆಂ.ಮೀ., ಬಲದ್ದು 80.6. ಪೈಥಾಗೊರಸ್. ಯಜ್ಞವೇದಿಕೆ ಅಳೆಯುವವರಿಗೆ ಹಗ್ಗ ಹಿಡಿಯುವ ಕ್ರಮ ಹೇಳಿಕೊಟ್ಟ ಬೋಧಾಯನರಿಗೂ ಇದು ಗೊತ್ತಿತ್ತು ಎಂದು ಮಾಸ್ಟ್ರು ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ಆಗ ತಿರುಗಣೆ ತಿರುವುತ್ತಿರುತ್ತಾರೆ, ಕೇಳಿಸುವುದಿಲ್ಲ.

ಮೋಟರಿನ ಹೆಸರು 28ಬಿವೈಜೆ-48. ಹವಾನಿಯಂತ್ರಕದ ರೆಕ್ಕೆಯನ್ನು ಮೇಲೆ ಕೆಳಗೆ ಅಲ್ಲಾಡಿಸುವುದು ಅದರ ಕುಲಕಸುಬು. ಹವಾನಿಯಂತ್ರಕವನ್ನೇ ಕಾಣದ ಮನೆಯೊಳಗೆ ಅದರ ಮೋಟರು ಮಾತ್ರ ಬಂದು ಕೂತಿತು. ಒಂದು ಪೂರ್ತಿ ಸುತ್ತಿಗೆ ಅದು ಸುಮಾರು 2048 ಹೆಜ್ಜೆ ಇಡುತ್ತದೆ. ನೂಲು ಸುತ್ತುವ ರಾಟೆಯ ಸುತ್ತಳತೆ 10 ಸೆಂ.ಮೀ. ಇದ್ದರೆ ಒಂದೊಂದು ಹೆಜ್ಜೆಗೆ ನೂಲು ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು ಸರಿಯುತ್ತದೆ. ಇವುಗಳನ್ನು ಆಳುವ ಪುಟ್ಟ ಮಿದುಳು ಆರ್ಡುಯಿನೊ, 2005ರಲ್ಲಿ ಇಟಲಿಯ ಇವ್ರಿಯ ಎಂಬ ಊರಲ್ಲಿ ಹುಟ್ಟಿದ್ದು. ಹುಟ್ಟಿಸಿದವರು ಸೇರುತ್ತಿದ್ದ ಬಾರಿನ ಹೆಸರನ್ನೇ ಅದಕ್ಕಿಟ್ಟರು. ಆ ಬಾರಿಗೆ ಆ ಹೆಸರು ಬಂದದ್ದು ಹಳೆಯ ರಾಜನೊಬ್ಬನಿಂದ. ಮಾಸ್ಟ್ರು ಮನೆಯಲ್ಲಿ ರಾಜನ ಕತೆ ಮಾತ್ರ ಹೇಳಿದ್ದಾರೆ.

ಇಷ್ಟೆಲ್ಲ ಸೂಕ್ಷ್ಮದ ಯಂತ್ರಕ್ಕೆ ಮೊದಲು ಅಡ್ಡ ಬಂದದ್ದು ಮಳೆ. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿ.ಮೀ. ಸುರಿಯುವ ಜಿಲ್ಲೆಯಲ್ಲಿ ಕಾಗದ ಆಷಾಢಕ್ಕೆ ಹಪ್ಪಳದ ಸ್ವಭಾವ ಬಿಟ್ಟು ದೋಸೆಯ ಸ್ವಭಾವ ಹಿಡಿಯುತ್ತದೆ. ಹತ್ತಿಯ ನೂಲು ತೇವ ಹೀರಿ ತನಗೆ ತೋಚಿದ ಹಾಗೆ ಉದ್ದ ಬದಲಿಸುತ್ತದೆ. ಮೋಟರು 50 ಸೆಂ.ಮೀ. ಎಂದುಕೊಂಡದ್ದು ನಿಜದಲ್ಲಿ 50 ಇರುವುದಿಲ್ಲ. ಎಂಟು ಎಸಳಿನ ಹೂವು ಎಂಟನೆಯ ಎಸಳಿನಲ್ಲಿ ಒಂದನೆಯದನ್ನು ಮುಟ್ಟದೆ ಪಕ್ಕಕ್ಕೆ ಹೋಗುತ್ತದೆ. ಕುಮಾರಧಾರೆಯಲ್ಲಿ ಗಾಳ ಹಾಕುವ ಹುಡುಗನೊಬ್ಬ ನೈಲಾನ್ ಗಾಳದ ನೂಲು ತಂದುಕೊಟ್ಟ ಮೇಲೆ ಅದೊಂದು ಸರಿಹೋಯಿತು. ಕರೆಂಟಿನದು ಬೇರೆ ಪುರಾಣ. ತಂತಿಯ ಮೇಲೆ ಸೋಗೆ ಬಿದ್ದರೆ ಕರೆಂಟು ಹೋಗುತ್ತದೆ, ಸೋಗೆ ತೆಗೆಯುವವರು ಬರುವವರೆಗೆ ಬರುವುದಿಲ್ಲ. ಇಂಥ ಮೋಟರಿಗೆ ತಾನು ಎಷ್ಟು ಹೆಜ್ಜೆ ಇಟ್ಟೆ ಎಂಬ ಎಣಿಕೆ ಇರುತ್ತದೆಯೇ ಹೊರತು ಎಲ್ಲಿದ್ದೇನೆ ಎಂಬ ಅರಿವು ಇರುವುದಿಲ್ಲ. ಎಣಿಕೆ ಅಳಿಸಿಹೋದರೆ ಎದ್ದ ಜಾಗವೇ ಅದಕ್ಕೆ ಹೊಸ ಊರು. ಮಾಸ್ಟ್ರು ಟೇಪು ಹಿಡಿದು ನೂಲು ಅಳೆದು ಅದಕ್ಕೆ ವಿಳಾಸ ಹೇಳಿಕೊಡಬೇಕು.

ಆದರೆ ಮಳೆಗಿಂತ, ಕರೆಂಟಿಗಿಂತ ಹೆಚ್ಚು ಪರೀಕ್ಷೆ ಮಾಡಿದವರು ಜನ. ತಿರುಗಣೆ ಇಟ್ಟದ್ದೇ ಜನ ತಿರುವಲಿ ಎಂದು, ಅದರಲ್ಲಿ ಮಾತಿಲ್ಲ. ಮಾಸ್ಟ್ರ ಲೆಕ್ಕದಲ್ಲಿ ಕ್ರಮ ಹೀಗಿತ್ತು: ಮೊದಲು ಬಳೆಯ ಹಲ್ಲು ಗೊತ್ತುಮಾಡಬೇಕು, ಆಮೇಲೆ ಚಕ್ರದ ಹಲ್ಲು, ಆಮೇಲೆ ಪೆನ್ನಿನ ಕಂಡಿ, ನಂತರ ಕೈ ಕಟ್ಟಿ ನೋಡಬೇಕು. ನಡುವೆ ತಿರುವಬಾರದು ಎಂದು ಬರೆದು ಅಂಟಿಸಿದ್ದರು. ಆ ಬರಹವನ್ನು ಓದಿದ ಮೇಲೆಯೇ ಎಷ್ಟೋ ಜನಕ್ಕೆ ನಡುವೆ ತಿರುವಬಹುದು ಎಂಬುದು ಹೊಳೆದದ್ದು.

ನಡುವೆ ತಿರುವಿದರೆ ಏನಾಗುತ್ತದೆ? ಎಂಟು ಎಸಳಿನ ದಾರಿಯಲ್ಲಿ ಮೂರು ಎಸಳು ನಡೆದ ಪೆನ್ನು ಇದ್ದಕ್ಕಿದ್ದಂತೆ ಏಳು ಎಸಳಿನ ದಾರಿ ಹಿಡಿಯುತ್ತದೆ. ಹೂವು ಹೂವಾಗಿ ಉಳಿಯುವುದಿಲ್ಲ. ಒಂದು ಬದಿಗೆ ಅಗಲ, ಇನ್ನೊಂದು ಬದಿಗೆ ಒತ್ತು, ಎಲ್ಲೋ ಒಂದು ಜಡೆ. ಮಾಸ್ಟ್ರು ತಲೆ ಹಿಡಿದುಕೊಂಡರು. ವಿಚಿತ್ರವೆಂದರೆ ಮನೆಗೆ ಕೇಳಿ ಒಯ್ದದ್ದೆಲ್ಲ ಇಂಥವನ್ನೇ. ಸರಿಯಾದ ಎಂಟು ಎಸಳಿನ ಹೂವುಗಳು ಜಗಲಿಯ ಮೂಲೆಯಲ್ಲಿ ಕಟ್ಟು ಕಟ್ಟಾಗಿ ಉಳಿದವು. ಸರಿಯಾದದ್ದು ಯಾರು ಬಿಡಿಸಿದರೂ ಒಂದೇ. ಕೆಟ್ಟದ್ದಕ್ಕೆ ಮಾತ್ರ ‘ಇದು ನಾನು ತಿರುವಿದ್ದು’ ಎಂಬ ಹಕ್ಕು ಉಂಟು. ಡೆಸ್ಮಂಡ್ ಪಾಲ್ ಹೆನ್ರಿ ಎಂಬ ಮ್ಯಾಂಚೆಸ್ಟರಿನ ತತ್ತ್ವಶಾಸ್ತ್ರದ ಅಧ್ಯಾಪಕ 1960ರ ದಶಕದಲ್ಲಿ ಯುದ್ಧವಿಮಾನಗಳ ಬಾಂಬುಗುರಿಯ ಹಳೆಯ ಗಣಕಗಳನ್ನು ಬಿಚ್ಚಿ ಚಿತ್ರ ಬಿಡಿಸುವ ಯಂತ್ರ ಮಾಡಿದಾಗ ಅದು ಬಿಡಿಸಿದ್ದನ್ನು ಅವನೂ ಪೂರ್ತಿ ಮುಂಗಾಣಲಾರದವನಾಗಿದ್ದ, ಅದರಲ್ಲೇ ಅವನಿಗೆ ಖುಷಿ ಇತ್ತು. ಮಾಸ್ಟ್ರು ಹೆನ್ರಿಯಷ್ಟು ಉದಾರಿಯಲ್ಲ. ಅಂಕ ಕೊಟ್ಟು ಕೊಟ್ಟು ರೂಢಿಯಾದವರು.

ತಿರುಗಣೆ ಸಾಲದೆಂದು ಯಂತ್ರಕ್ಕೆ ಕಿವಿಯನ್ನೂ ಕೊಟ್ಟದ್ದು ಮೊಮ್ಮಗನ ಸಲಹೆ. ಒಂದು ಚಿಕ್ಕ ಮೈಕು. ಸದ್ದು ಜೋರಾದಷ್ಟು ಎಸಳು ಉದ್ದ. ಯಕ್ಷಗಾನದ ಹುಚ್ಚಿರುವ ನೆಂಟರೊಬ್ಬರು ಚೆಂಡೆಯನ್ನೇ ತಂದರು. ರೂಪಕಕ್ಕೆ ಆರು ಎಸಳು, ತ್ರಿವುಡೆಗೆ ಏಳು, ಆದಿಗೆ ಎಂಟು ಎಂದು ಮಾಸ್ಟ್ರು ತಾಳಕ್ಕೂ ಲ.ಸಾ.ಅ.ಗೂ ಸಂಬಂಧ ಕಟ್ಟಿ ಮುಗಿಸುವಷ್ಟರಲ್ಲಿ ಕೆಳಗಿನ ತೋಟದಲ್ಲಿ ಮಂಗಗಳು ಬಂದವು. ಮಂಗ ಬಂದರೆ ಈ ಕಡೆ ಗರ್ನಾಲು ಹೊಡೆಯುತ್ತಾರೆ. ಮೊದಲ ಗರ್ನಾಲಿಗೆ ಪೆನ್ನು ಕಾಗದದ ಬಲ ಅಂಚಿನವರೆಗೆ ಹೋಗಿ ಬಂತು. ಎರಡನೆಯದಕ್ಕೆ ಹಲಗೆಯ ಅಂಚಿಗೆ. ಮೂರನೆಯದಕ್ಕೆ ಗೋಡೆಯ ಸುಣ್ಣದ ಮೇಲೆ ಒಂದು ನೀಲಿ ಗೆರೆ ಎಳೆದು, ಮರ್ಯಾದೆಯಿಂದ ಹಿಂದಿರುಗಿ, ಉಳಿದ ಎಸಳುಗಳನ್ನು ಏನೂ ಆಗದವರ ಹಾಗೆ ಮುಗಿಸಿತು. ಆ ಗೆರೆ ಈಗಲೂ ಗೋಡೆಯ ಮೇಲಿದೆ. ಮಂಗಗಳು ಯಾವ ದಿನ ಬಂದಿದ್ದವು ಎಂದು ಯಾರಾದರೂ ಕೇಳಿದರೆ ದಾಖಲೆ ಉಂಟು.

ಸಲಹೆಗಳಿಗೂ ಬರ ಇರಲಿಲ್ಲ. ಕಾಗದ ಯಾಕೆ, ಅಡಿಕೆ ಹಾಳೆಯ ಮೇಲೆ ಬಿಡಿಸಿ, ಮುಟ್ಟಾಳೆಗೆ ಚಂದ ಎಂದರು ಒಬ್ಬರು. ಹಾಳೆಯ ನಾರಿಗೆ ಸಿಕ್ಕಿ ಪೆನ್ನಿನ ಮೊನೆ ಅಲ್ಲೇ ಉಳಿಯಿತು. ಶಾಯಿ ಯಾಕೆ, ಮನೆಯಲ್ಲಿ ಮೈಲುತುತ್ತು ಉಂಟಲ್ಲ, ಒಳ್ಳೆ ನೀಲಿ ಎಂದರು ಇನ್ನೊಬ್ಬರು. ಮೈಲುತುತ್ತಿನ ನೀರಿಗೆ ಕಬ್ಬಿಣದ ನಿಬ್ಬು ಹಾಕಿದರೆ ತಾಮ್ರ ಬಂದು ನಿಬ್ಬಿಗೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು ಎನ್ನುವುದು ಇದಕ್ಕೇ. ಸಲಹೆ ಕೊಟ್ಟವರಿಗೂ ಅದು ಗೊತ್ತಿತ್ತು. ಸಲಹೆ ಕೊಡುವ ಹೊತ್ತಿಗೆ ನೆನಪಿರಲಿಲ್ಲ ಅಷ್ಟೆ.

ಹಾಗೆ ನೋಡಿದರೆ ಜ್ಯಾಮಿತಿಯನ್ನು ಈ ಮೂರು ತಾಲೂಕುಗಳಿಗೆ ಯಂತ್ರ ಬಂದು ಕಲಿಸಬೇಕಾಗಿಲ್ಲ. ಅಡಿಕೆ ಸಸಿ ನೆಡುವವರು ಸಾಲಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 2.7 ಮೀಟರು ಅಳೆದು ಚೌಕದ ನಾಲ್ಕು ಮೂಲೆ ಹಿಡಿಯುತ್ತಾರೆ. ರಬ್ಬರು ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದ ಅರ್ಧ ಸುತ್ತಿಗೆ 30 ಡಿಗ್ರಿ ಓರೆಯಲ್ಲಿ ಗೆರೆ ಎಳೆಯುತ್ತಾರೆ. ಕೋನಮಾಪಕ ಯಾರ ಕಿಸೆಯಲ್ಲೂ ಇರುವುದಿಲ್ಲ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿಯ ಮಂಡಲ. ನಾಗನ ಮಂಡಲಕ್ಕೆ ಬಣ್ಣ ಐದು: ಬಿಳಿ ಪುಡಿ, ಅರಸಿನದ ಹಳದಿ, ಅರಸಿನಕ್ಕೆ ಸುಣ್ಣ ಬೆರೆತಾಗ ತಾನಾಗಿ ಏಳುವ ಕೆಂಪು, ಸೊಪ್ಪಿನ ಪುಡಿಯ ಹಸುರು, ಸುಟ್ಟ ಉಮಿಯ ಕಪ್ಪು. ನಾಗಮಂಡಲಕ್ಕಾದರೆ ಹೆಡೆ, ಸುತ್ತು, ಗಂಟು ಎಲ್ಲ ಹೆಬ್ಬೆರಳು ತೋರುಬೆರಳಿನ ನಡುವಿಂದ ಇಳಿಯುವ ಪುಡಿಯಲ್ಲಿ ಏಳಬೇಕು. ಪೂರ್ಣ ಮಂಡಲಕ್ಕೆ ಹದಿನಾರು ಗಂಟು.

ಮಂಡಲ ಬರೆಯುವ ಒಬ್ಬರು ಒಂದು ದಿನ ಮಾಸ್ಟ್ರ ಮನೆಗೆ ಬಂದರು. ಯಾರೂ ಮಾತಾಡಲಿಲ್ಲ, ಊರಿನ ಎಲ್ಲರಿಗೂ ಇದು ಪರೀಕ್ಷಕರ ಭೇಟಿ ಎಂದು ಗೊತ್ತಿತ್ತು. ಅವರು 105 ಎಸಳಿನ ಹೂವನ್ನು ಮೊದಲಿಂದ ಕೊನೆಯವರೆಗೆ ನಿಂತೇ ನೋಡಿದರು. ಗೆರೆ ಗೆರೆಯನ್ನು ದಾಟುವಲ್ಲಿ ಬಗ್ಗಿ ನೋಡಿದರು. ಪೆನ್ನು ಹೊರಟ ಬಿಂದುವಿಗೆ ಸರಿಯಾಗಿ ಬಂದು ಸೇರಿದಾಗ ತಲೆದೂಗಿದರು ಕೂಡ. ಆಮೇಲೆ ಹೇಳಿದರು: “ಚಂದ ಉಂಟು. ಇದಕ್ಕೆ ಸೊಂಟ ಇಲ್ಲವಲ್ಲ, ಅದು ದೊಡ್ಡ ಅನುಕೂಲ.” ಗಂಟೆಗಟ್ಟಲೆ ಬಗ್ಗಿ ಕೂತು ಬರೆಯುವವರ ಮಾತು. ಅದು ಹೊಗಳಿಕೆಯೋ ತೆಗಳಿಕೆಯೋ ಎಂಬ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಮಾಸ್ಟ್ರು ಹೊಗಳಿಕೆಯ ಪಕ್ಷ, ಅಲ್ಲಿ ಅವರೊಬ್ಬರೇ ಸದಸ್ಯರು.

ಇದೆಲ್ಲ ಹುಡುಗಾಟ ಎನ್ನುವವರಿಗೆ ಮಾಸ್ಟ್ರು ಇಟ್ಟುಕೊಂಡಿರುವ ಉತ್ತರ ಸ್ವಲ್ಪ ಭಾರದ್ದು. ಪುತ್ತೂರಿನಲ್ಲಿ ದಶಕಗಟ್ಟಲೆ ನೆಲೆಸಿ, ಪರ್ಲಡ್ಕದಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದದ್ದು 1936ರಲ್ಲಿ. ಮಕ್ಕಳ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನು ಸಂಪಾದಿಸಿದ ನಿರಂಜನರು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದವರು. ಅಷ್ಟು ದೊಡ್ಡವರು ಮಕ್ಕಳ ಪ್ರಶ್ನೆಗೆ ಅಷ್ಟು ಸಂಪುಟ ಬರೆದ ಸೀಮೆಯಲ್ಲಿ ತಾನು ಒಂದು ಪ್ರಶ್ನೆಗೆ ಒಂದು ಹಲಗೆ ನೇತುಹಾಕಿದರೆ ತಪ್ಪೇನು? ವಾದ ಗಟ್ಟಿಯಾಗಿಯೇ ಇದೆ. ಕಾರಂತರ ಹೆಸರು ಬಂದ ಮೇಲೆ ಪುತ್ತೂರು ಕಡೆಯವರು ಸಾಮಾನ್ಯವಾಗಿ ಎದುರು ಮಾತಾಡುವುದಿಲ್ಲ.

ಯಂತ್ರಕ್ಕೆ ಕೆಲಸ ಸಿಕ್ಕಿದ್ದು ಮೊಮ್ಮಗನಿಂದ. ಎಲ್ಲರೂ ತಿರುವಿ ಬಿಟ್ಟ ತಿರುಗಣೆಗಳನ್ನು ಅವನು ಒಂದು ಸಂಜೆ ತಿರುವಿ, ಬಳೆಗೂ 96, ಚಕ್ರಕ್ಕೂ 96 ಇಟ್ಟ. ಮೋಟರುಗಳು ಗುಂಯ್ ಎಂದವು, ಪೆನ್ನು ಅಲ್ಲಾಡಲಿಲ್ಲ. ಬಳೆಯಷ್ಟೇ ದೊಡ್ಡ ಚಕ್ರ ಬಳೆಯೊಳಗೆ ಉರುಳುವುದಾದರೂ ಎಲ್ಲಿಗೆ? ನಿಂತಲ್ಲೇ ನಿಂತ ಪೆನ್ನಿನಡಿ ಶಾಯಿ ಇಳಿದು ಇಳಿದು ದುಂಡಗಿನ ಒಂದು ಚುಕ್ಕಿಯಾಯಿತು. ಯಂತ್ರ ಕೆಟ್ಟಿತೆಂದು ಎಲ್ಲರೂ ಬೊಬ್ಬೆ ಹಾಕುವಾಗ ಮಾಸ್ಟ್ರು ಮಾತ್ರ ಕಾಗದದಲ್ಲಿ ಲೆಕ್ಕ ಮಾಡಿ, ಉತ್ತರ ಸರಿಯಾಗಿದೆ ಎಂದರು. ಹುಡುಗ ಪೆನ್ನನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಚುಕ್ಕಿ ಇಡಿಸಿದ, ಮತ್ತೊಂದು ಇಡಿಸಿದ.

ಒಳಗಿನಿಂದ ಅಜ್ಜಿ ಬಂದು ನೋಡಿದರು. ಯಂತ್ರ ಬಂದಂದಿನಿಂದ ಅದರ ಮುಂದೆ ಅವರು ನಿಂತದ್ದು ಕಸ ಗುಡಿಸುವಾಗ ಮಾತ್ರ. ಎಳೆ ರಂಗೋಲಿಗಳ ಗಣಿತದ ಮೇಲೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಸಂಶೋಧನೆ ಮಾಡಿ, ಅಂಥ ಚಿತ್ರಗಳಿಗೂ ವ್ಯಾಕರಣ ಉಂಟೆಂದು ತೋರಿಸಿದ್ದನ್ನು ಗಂಡ ಹಲವು ಸಲ ಓದಿ ಹೇಳಿದ್ದರು. ವ್ಯಾಕರಣ ಇಲ್ಲದೆ ಯಾರಾದರೂ ರಂಗೋಲಿ ಹಾಕುತ್ತಾರಾ ಎಂದು ಅವರು ಕೇಳಿದ್ದರು.

“ಇದು ಸಂದು ಚುಕ್ಕಿ ಇಡ್ತದಾ?” ಎಂದರು ಈಗ.

“ಇಡ್ತದೆ. ಎಷ್ಟು ಬೇಕು?”

“ಹದಿನೈದರಿಂದ ಎಂಟು.”

ಅಂದರೆ ನಡುಸಾಲಿನಲ್ಲಿ 15 ಚುಕ್ಕಿ, ಮೇಲೂ ಕೆಳಗೂ ಒಂದೊಂದು ಕಡಿಮೆಯಾಗುತ್ತಾ 8ರವರೆಗೆ, ಪ್ರತಿ ಚುಕ್ಕಿಯೂ ಮುಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ. ಮಾಸ್ಟ್ರು ಬಾಯಲ್ಲೇ ಕೂಡಿಸಿದರು: 169. ಹದಿಮೂರರ ವರ್ಗ! ಅವರು ಅದನ್ನು ಹೇಳಲು ತಿರುಗುವಷ್ಟರಲ್ಲಿ ಹೆಂಡತಿ ಯಂತ್ರಕ್ಕೆ ಹೊಸ ಕಾಗದ ಸಿಕ್ಕಿಸುತ್ತಿದ್ದರು. ಹಬ್ಬದ ಮುಂಚೆ ಚುಕ್ಕಿ ಇಡುವುದು ಮಂಡಿನೋವಿನ ಕೆಲಸ, ಗೆರೆ ಎಳೆಯುವುದು ಖುಷಿಯ ಕೆಲಸ. ಮೊದಲನೆಯದನ್ನು ಯಂತ್ರಕ್ಕೆ ಬಿಟ್ಟರೆ ನಷ್ಟ ಇಲ್ಲ ಎಂಬುದು ಅವರ ತೀರ್ಮಾನ. ಕಾಗದದ ಚುಕ್ಕಿಗೆ ಸೂಜಿಯಲ್ಲಿ ತೂತು ಮಾಡಿ ನೆಲದ ಮೇಲಿಟ್ಟು ಪುಡಿ ಉದುರಿಸಿದರೆ ಆಯಿತು.

ಅಂದಿನಿಂದ ಯಂತ್ರ ಬಿಡುವಿಲ್ಲದೆ ದುಡಿಯುತ್ತಿದೆ. ಪಂಜದಿಂದ, ಬೆಳ್ಳಾರೆಯಿಂದ, ಆಚೆ ಕಡಬದಿಂದ ಹೆಂಗಸರು ಫೋನು ಮಾಡುತ್ತಾರೆ: 11ರಿಂದ 6 ಬೇಕು, 21ರಿಂದ 11 ಬೇಕು, ಶಾಲೆಯ ರಂಗೋಲಿ ಸ್ಪರ್ಧೆಗೆ ನಾಳೆಯೇ ಬೇಕು. ಫೋನು ಎತ್ತಿಕೊಳ್ಳುವುದು ಅಜ್ಜಿ, ಸೂಜಿ ಚುಚ್ಚುವುದು ಮೊಮ್ಮಗ. ಮಾಸ್ಟ್ರು ಪ್ರತಿ ಕಾಗದದ ಮೂಲೆಯಲ್ಲೂ ಚಿಕ್ಕ ಅಕ್ಷರದಲ್ಲಿ ಒಟ್ಟು ಚುಕ್ಕಿಗಳೆಷ್ಟು, ಹೇಗೆ ಬಂತು ಎಂಬ ಸೂತ್ರ ಬರೆದು ಕಳಿಸುತ್ತಾರೆ. ಮೊನ್ನೆ ಒಬ್ಬರು ಫೋನಿನಲ್ಲಿ ಕೇಳಿದರಂತೆ, ಮೂಲೆಯಲ್ಲಿ ಏನೋ ಗೀಚಿದೆಯಲ್ಲ, ಅಲ್ಲಿಗೂ ತೂತು ಮಾಡಬೇಕಾ ಎಂದು.